ಮಳೆ ಕೈಕೊಟ್ಟ ವರ್ಷದ ಹೊಣೆ ಯಾರದು?

ಮುಂಗಾರಿನ ಮೋಡಗಳು ಬಾಬಾಬುಡನ್‌ಗಿರಿ ಸಾಲಿನ ಪಶ್ಚಿಮಕ್ಕೇ ತಮ್ಮ ಭಾರವನ್ನೆಲ್ಲ ಇಳಿಸಿಬಿಡುತ್ತವೆ. ಶೃಂಗೇರಿ, ಕೊಪ್ಪದ ಕಡೆ ವರ್ಷಕ್ಕೆ 2,500 ಮಿ.ಮೀ. ದಾಟಿ ಸುರಿಯುವ ಮಳೆ ಅದೇ ಜಿಲ್ಲೆಯ ಕಡೂರಿಗೆ ಬರುವ ಹೊತ್ತಿಗೆ 600 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ತರೀಕೆರೆ ಇವೆರಡರ ನಡುವೆ ಸಿಕ್ಕಿಕೊಂಡಿದೆ. ಲಕ್ಕವಳ್ಳಿಯ ಕಡೆ ಕಾಡು, ಅಡಿಕೆ ತೋಟ, ಭದ್ರಾ ಜಲಾಶಯ. ಪೂರ್ವಕ್ಕೆ ಸರಿದರೆ ಬಯಲು. ಅಲ್ಲಿಂದ ಮುಂದೆ ಅಜ್ಜಂಪುರ, ಶಿವನಿಯ ಎರೆ ಹೊಲಗಳು, ಈರುಳ್ಳಿ. ಕಡೂರಿನ ಪಂಚನಹಳ್ಳಿ, ಯಗಟಿ, ಸಿಂಗಟಗೆರೆ ಕಡೆ ರಾಗಿ, ಜೋಳ, ಹುರುಳಿ, ತೆಂಗು. ಈ ಸೀಮೆಯ ರೈತನ ವರ್ಷ ಆರಿದ್ರೆಯಿಂದ ಚಿತ್ತೆಯವರೆಗಿನ ಕೆಲವೇ ಹದ ಮಳೆಗಳ ಮೇಲೆ ನಿಂತಿದೆ. ಅವುಗಳಲ್ಲಿ ಎರಡು ತಪ್ಪಿದರೂ ವರ್ಷವೇ ತಪ್ಪಿದ ಹಾಗೆ.

ಹಾಗೆ ತಪ್ಪಿದ ವರ್ಷದ ನಷ್ಟವನ್ನು ಯಾರು ಹೊರಬೇಕು? ರೈತನೋ, ಸರ್ಕಾರವೋ, ವಿಮಾ ಕಂಪನಿಯೋ? ಕಡೂರು ಸೀಮೆಯಲ್ಲಿ ಈ ಪ್ರಶ್ನೆಗೆ ಒಂದೂವರೆ ಶತಮಾನದ ಇತಿಹಾಸವಿದೆ. ಇಂದು ಇಡೀ ದೇಶ ಬಳಸುತ್ತಿರುವ ಒಂದು ಉತ್ತರ ಮೊದಲು ಹೊಳೆದದ್ದೂ ನಮ್ಮ ಮೈಸೂರು ಸಂಸ್ಥಾನದಲ್ಲೇ.

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಕಡೂರು ಜಿಲ್ಲೆ. 1863ರಲ್ಲಿ ಜಿಲ್ಲೆ ರಚನೆಯಾದಾಗ ಕಡೂರೇ ಕೇಂದ್ರ. ಎರಡು ವರ್ಷದಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದವು, ಹೆಸರು ಮಾತ್ರ ಉಳಿಯಿತು. ಆ ಹೊಸ ಜಿಲ್ಲೆಗೆ ಇನ್ನೂ ಹದಿನೈದು ವರ್ಷ ತುಂಬುವ ಮೊದಲೇ ಧಾತು, ಈಶ್ವರ ಸಂವತ್ಸರಗಳ ಬರ ಬಂತು.

1876ರಿಂದ 1878ರವರೆಗಿನ ಆ ಬರ ಮೈಸೂರನ್ನು ಸುಟ್ಟ ಬಗೆಗೆ ಜನಗಣತಿಯೇ ಸಾಕ್ಷಿ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆಯನ್ನು ಸೇರಿಸಿ ನೋಡಿದರೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲವಾಗಿದ್ದರು. ಮಲೆನಾಡು ತಕ್ಕಮಟ್ಟಿಗೆ ಪಾರಾಯಿತು. ಪೆಟ್ಟು ಬಿದ್ದದ್ದು ಬಯಲುಸೀಮೆಗೆ. ಊರೂರಿನಲ್ಲಿ ಗಂಜಿ ಮನೆಗಳು ತೆರೆದವು, ಹೊಟ್ಟೆಪಾಡಿಗೆ ಮಣ್ಣು ಹೊರುವ ಕೆಲಸಗಳು ಶುರುವಾದವು. ಬರದ ಆಡಳಿತಕ್ಕೆಂದೇ 1877ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯನ್ನು ಮೈಸೂರಿಗೆ ಕಳಿಸಲಾಯಿತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಖಜಾನೆಯಲ್ಲಿ ಕೂಡಿಟ್ಟಿದ್ದ ಸುಮಾರು 63 ಲಕ್ಷ ರೂಪಾಯಿ ಕರಗಿ, ಅದರ ಜಾಗದಲ್ಲಿ 80 ಲಕ್ಷದ ಸಾಲ ಬಂದು ಕೂತಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಾಗ ಅವರ ಪಾಲಿಗೆ ಬಂದ ಮೊದಲ ಆಸ್ತಿ ಈ ಸಾಲ. ಬ್ರಿಟಿಷರಿಗೆ ಕೊಡುವ ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ನಿರ್ಧಾರವನ್ನೂ ಬರದ ಕಾರಣಕ್ಕೆ ಐದು ವರ್ಷ ಮುಂದೂಡಬೇಕಾಯಿತು.

ಕೂಡಿಟ್ಟ ಹಣ ಎಷ್ಟಿದ್ದರೂ ಒಂದು ದೊಡ್ಡ ಬರ ಅದನ್ನು ನುಂಗಿ ಮೇಲೆ ಸಾಲ ಹೊರಿಸುತ್ತದೆ ಎಂಬುದು ದಿವಾನ ರಂಗಾಚಾರ್ಲು ಅವರ ಕಾಲದಿಂದ ಮೈಸೂರಿನ ಆಡಳಿತಗಾರರ ತಲೆಯಲ್ಲಿ ಕೂತ ಭಯ. ಬ್ರಿಟಿಷ್ ಸರ್ಕಾರಕ್ಕೂ ಅದೇ ಭಯ ಹಿಡಿದಿತ್ತು. ಅದು 1878ರಲ್ಲಿ ಹೊಸ ತೆರಿಗೆಗಳನ್ನು ಹಾಕಿ, ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ‘ಕ್ಷಾಮ ವಿಮಾ ಅನುದಾನ’ ಎಂಬ ನಿಧಿ ಕಟ್ಟಿತು. ಹೆಸರಿನಲ್ಲಿ ವಿಮೆ ಇತ್ತು, ಆದರೆ ರೈತನ ಹೆಸರಿನಲ್ಲಿ ಒಂದು ಪಾಲಿಸಿಯೂ ಇರಲಿಲ್ಲ. ವಿಮೆ ಸರ್ಕಾರದ ಖಜಾನೆಗೆ. ಬರ ಬಂದರೆ ಸರ್ಕಾರ ದಿವಾಳಿಯಾಗಬಾರದು, ಅಷ್ಟೆ. ಅಫ್ಘಾನ್ ಯುದ್ಧದ ಖರ್ಚು ಮೈಮೇಲೆ ಬಂದಾಗ ಆ ಅನುದಾನವನ್ನೂ ನಿಲ್ಲಿಸಿದರು. ತೆರಿಗೆ ಕೊಟ್ಟವನಿಗೆ ಹಣ ಎಲ್ಲಿ ಹೋಯಿತೆಂದು ಕೇಳುವ ಹಕ್ಕಿಲ್ಲದಿದ್ದರೆ ವಿಮೆ ಎಂಬ ಹೆಸರಿಗೆ ಬೆಲೆಯಿಲ್ಲ ಎಂಬುದನ್ನು ಆ ಪ್ರಕರಣ ಆಗಲೇ ತೋರಿಸಿಕೊಟ್ಟಿತು.

ಅದೇ ಬರದ ಭಯಕ್ಕೆ ಉತ್ತರವಾಗಿ ಮೈಸೂರು ರೈಲು ಹಾಕಿತು. ಬರಪೀಡಿತ ಪ್ರದೇಶಕ್ಕೆ ಧಾನ್ಯ ಸಾಗಿಸುವ ದಾರಿ ಇದ್ದರೆ ಜನ ಸಾಯುವುದಿಲ್ಲ ಎಂಬ ಲೆಕ್ಕ ಅದರ ಹಿಂದಿತ್ತು. ಕಡೂರು, ಬೀರೂರು, ಅಜ್ಜಂಪುರಗಳನ್ನು ಮುಟ್ಟಿ ಹರಿಹರಕ್ಕೆ ಹೋಗುವ ಹಳಿ 1889ರಲ್ಲಿ ಪೂರ್ತಿಯಾಯಿತು; ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕವಲು ಹೊರಟದ್ದು ಆ ಮೇಲೆ. ಇನ್ನು ಕೆರೆಗಳಂತೂ ಹಳಬರು ಕಟ್ಟಿಟ್ಟ ವಿಮೆಯೇ. ಬಾಬಾಬುಡನ್ ಸಾಲಿನಿಂದ ಇಳಿಯುವ ವೇದಾ ಹೊಳೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬಿಸಿ, ಅವತಿ ಮದಗದ ಕೆರೆಯನ್ನು ತುಂಬಿಸಿ, ಕಡೂರಿನ ಹತ್ತಿರ ಎರಡೂ ಕೂಡಿ ವೇದಾವತಿಯಾಗುತ್ತವೆ. ಕೆರೆಯ ಅಚ್ಚುಕಟ್ಟಿನಲ್ಲಿದ್ದವನಿಗೆ ಒಂದು ವರ್ಷದ ಬರ ತಡೆಯುವ ಶಕ್ತಿ ಇರುತ್ತಿತ್ತು. ಅಚ್ಚುಕಟ್ಟಿನ ಹೊರಗೆ ಖುಷ್ಕಿ ಹೊಲ ಇಟ್ಟುಕೊಂಡ ಬಹುಪಾಲು ರೈತರಿಗೆ ಉಳಿದದ್ದು ಮೂರೇ ದಾರಿ: ಕಂದಾಯ ಮಾಫಿಗೆ ಕಾಯುವುದು, ತಕಾವಿ ಸಾಲ ಎತ್ತುವುದು, ಇಲ್ಲವೇ ಸಾಹುಕಾರನ ಮನೆಗೆ ಹೋಗುವುದು. ಮೂರರಲ್ಲೂ ಒಬ್ಬರ ಮುಂದೆ ಕೈಕಟ್ಟಿ ನಿಲ್ಲಲೇಬೇಕು.

ಇಲ್ಲಿಗೆ ಬರುತ್ತಾರೆ ಜೆ.ಎಸ್. ಚಕ್ರವರ್ತಿ.

ಇವರು ಮೈಸೂರು ಸರ್ಕಾರದ ಹಣಕಾಸು ವಿಭಾಗದ ಹಿರಿಯ ಅಧಿಕಾರಿ. ಸಂಸ್ಥಾನಕ್ಕೆ ವಿಮೆಯ ವ್ಯವಹಾರ ಹೊಸದೇನಲ್ಲ. ಸರ್ಕಾರಿ ನೌಕರರಿಗಾಗಿ 1891ರಲ್ಲೇ ಜೀವ ವಿಮೆ ಆರಂಭಿಸಿತ್ತು, ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರದೇ ಮುಂದುವರಿಕೆ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಗಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಬ್ಯಾಂಕು, ಕಾರ್ಖಾನೆ, ಕೃಷಿಯ ಬಗ್ಗೆ ಊರೆಲ್ಲ ಚರ್ಚೆ ನಡೆಯುತ್ತಿದ್ದ ಕಾಲ ಅದು. ನೌಕರನ ಜೀವಕ್ಕೆ ವಿಮೆ ಮಾಡುವ ಸರ್ಕಾರ ರೈತನ ಬೆಳೆಗೆ ಏಕೆ ಮಾಡಬಾರದು ಎಂಬ ಪ್ರಶ್ನೆಯನ್ನು ಚಕ್ರವರ್ತಿ ಎತ್ತಿಕೊಂಡರು. ಆ ಕುರಿತ ಅವರ ಲೇಖನಗಳು ಬೆಳೆದು 1920ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಇಂಗ್ಲಿಷ್ ಪುಸ್ತಕವಾಗಿ ಬಂದವು. ‘ಅಗ್ರಿಕಲ್ಚರಲ್ ಇನ್ಶೂರೆನ್ಸ್: ಎ ಪ್ರಾಕ್ಟಿಕಲ್ ಸ್ಕೀಮ್ ಸೂಟೆಡ್ ಟು ಇಂಡಿಯನ್ ಕಂಡಿಷನ್ಸ್’ ಎಂಬುದು ಅದರ ಹೆಸರು.

ಚಕ್ರವರ್ತಿಯವರ ಹೆಚ್ಚುಗಾರಿಕೆ ಅವರು ಕಂಡುಕೊಂಡ ಅಡ್ಡದಾರಿಯಲ್ಲಿದೆ. ಪ್ರತಿ ರೈತನ ಹೊಲಕ್ಕೂ ಹೋಗಿ ಎಷ್ಟು ಬೆಳೆ ಹೋಯಿತೆಂದು ಅಳೆಯುವುದು ಆಗದ ಮಾತು. ಹೊಲಗಳು ಚಿಕ್ಕವು, ಲೆಕ್ಕವಿಡುವವರಿಲ್ಲ, ಅಳೆಯಲು ಬಂದ ನೌಕರನ ಪ್ರಾಮಾಣಿಕತೆಗೆ ಖಾತರಿಯಿಲ್ಲ. ವಿಮೆ ಇದೆಯೆಂದು ರೈತ ಹೊಲದ ಕಡೆ ಗಮನ ಕಡಿಮೆ ಮಾಡಬಹುದೆಂಬ ಆತಂಕ ಬೇರೆ. ಹಾಗಾದರೆ ಬೆಳೆಯನ್ನೇಕೆ ಅಳೆಯಬೇಕು? ಮಳೆಯನ್ನೇ ಅಳೆಯೋಣ. ಮೈಸೂರಿನ ತಾಲ್ಲೂಕು ಕೇಂದ್ರಗಳಲ್ಲಿ ಮಳೆಮಾಪಕಗಳಿದ್ದವು, ನಲವತ್ತಕ್ಕೂ ಹೆಚ್ಚು ವರ್ಷಗಳ ದಾಖಲೆ ಕಚೇರಿಗಳಲ್ಲಿ ಬಿದ್ದಿತ್ತು. ಒಂದು ಪ್ರದೇಶದಲ್ಲಿ ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮಾದಾರರಿಗೆಲ್ಲ ಪರಿಹಾರ ಸಲ್ಲಬೇಕು. ಯಾರೂ ಅರ್ಜಿ ಬರೆಯಬೇಕಾಗಿಲ್ಲ, ಯಾರೂ ಬಂದು ನೋಡಬೇಕಾಗಿಲ್ಲ. ಮಳೆಮಾಪಕ ಯಾರ ಮುಖವನ್ನೂ ನೋಡುವುದಿಲ್ಲ.

ಹವಾಮಾನ ಸೂಚ್ಯಂಕದ ವಿಮೆ ಎಂದು ಈಗ ಜಗತ್ತಿನಾದ್ಯಂತ ಹೇಳುತ್ತಾರಲ್ಲ, ಅದರ ತಿರುಳು ಇದೇ. 1990ರ ದಶಕದಲ್ಲಿ ಇದು ಹೊಸ ಕಲ್ಪನೆಯೆಂದು ಹೊರದೇಶಗಳಲ್ಲಿ ಪ್ರಚಾರವಾಗುತ್ತಿದ್ದಾಗ ಪಿ.ಕೆ. ಮಿಶ್ರಾ 1995ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಲೇಖನ ಬರೆದು, ಮಳೆ ವಿಮೆ ಭಾರತಕ್ಕೆ ಹೊಸತೇ ಎಂದು ಕೇಳಿ, ಚಕ್ರವರ್ತಿಯವರ ಪುಸ್ತಕವನ್ನು ಮತ್ತೆ ಬೆಳಕಿಗೆ ತಂದರು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ವಿಶ್ವೇಶ್ವರಯ್ಯನವರ ಅಣೆಕಟ್ಟಿನ ಪಕ್ಕದಲ್ಲಿ ಈ ಹೆಸರಿಗೂ ಒಂದು ಸಾಲಿನ ಜಾಗ ಸಿಗಬೇಕಿತ್ತು.

ಯೋಜನೆ ಮಾತ್ರ ಜಾರಿಯಾಗಲಿಲ್ಲ. ಪುಸ್ತಕ ಗ್ರಂಥಾಲಯ ಸೇರಿತು.

ಸ್ವಾತಂತ್ರ್ಯದ ನಂತರದ ಕಥೆ ಹಲವು ದಶಕಗಳ ಮುಂದೂಡಿಕೆಯ ಕಥೆ. 1947-48ರಲ್ಲಿ ಕೇಂದ್ರ ಒಂದು ಅಧ್ಯಯನ ಮಾಡಿಸಿತು. ಪ್ರಾಯೋಗಿಕ ಯೋಜನೆಗೆ ಹಣ ಹಾಕಲು ಯಾವ ರಾಜ್ಯವೂ ಮುಂದೆ ಬರಲಿಲ್ಲ. 1965ರಲ್ಲಿ ಮಸೂದೆಯ ಕರಡು ಸಿದ್ಧವಾಯಿತು; 1970ರ ಹೊತ್ತಿಗೆ ಧರ್ಮನಾರಾಯಣ್ ಅವರ ಸಮಿತಿ ಇದು ಆಗುವಂಥದ್ದಲ್ಲ ಎಂದು ಷರಾ ಬರೆಯಿತು. ಕೊನೆಗೆ ದಾರಿ ತೋರಿಸಿದವರು ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್. 1976ರಲ್ಲಿ ಅವರು ಹೇಳಿದ್ದೂ ಪ್ರದೇಶವನ್ನೇ ಘಟಕವಾಗಿ ಹಿಡಿಯಿರಿ ಎಂದು. ಆದರೆ ಅಳತೆಗೋಲು ಮಳೆಯ ಬದಲು ಆ ಪ್ರದೇಶದ ಸರಾಸರಿ ಇಳುವರಿ. 1979ರ ಪ್ರಯೋಗ, 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಎಲ್ಲವೂ ಈ ತಳಹದಿಯ ಮೇಲೆ ನಿಂತವು.

1985ರ ಯೋಜನೆ ಬ್ಯಾಂಕು, ಸೊಸೈಟಿಗಳಲ್ಲಿ ಬೆಳೆ ಸಾಲ ಪಡೆದವರಿಗೆ ಮಾತ್ರ. ಧಾನ್ಯಕ್ಕೆ ನೂರಕ್ಕೆ ಎರಡು ರೂಪಾಯಿ, ಬೇಳೆಕಾಳು ಎಣ್ಣೆಕಾಳಿಗೆ ಒಂದು ರೂಪಾಯಿ ಕಂತು. ಈರುಳ್ಳಿ ಅದರ ಪಟ್ಟಿಯಲ್ಲೇ ಇರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ದೇಶದಾದ್ಯಂತ ಸಂಗ್ರಹವಾದ ಕಂತು ಸುಮಾರು 403 ಕೋಟಿ, ಕೊಟ್ಟ ಪರಿಹಾರ ಸುಮಾರು 2,303 ಕೋಟಿ. ಅದರಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಗುಜರಾತ್ ಒಂದಕ್ಕೇ ಹೋಯಿತು. ಸಾಲ ಪಡೆಯದ, ಖುಷ್ಕಿ ಹೊಲದ ಸಣ್ಣ ಹಿಡುವಳಿದಾರ ಹೊರಗೇ ಉಳಿದ.

ಈ ನಡುವೆ ಕರ್ನಾಟಕ ಇನ್ನೊಂದು ಕೆಲಸ ಮಾಡುತ್ತಿತ್ತು. ದೇಶದಲ್ಲೇ ಮೊದಲು ಎನ್ನುವಂತೆ 1988ರಲ್ಲಿ ಬರ ಉಸ್ತುವಾರಿ ಘಟಕವನ್ನು ತೆರೆಯಿತು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಒಂದೊಂದೇ ಗ್ರಾಮ ಪಂಚಾಯಿತಿಯಲ್ಲೂ ತಾನಾಗಿ ಮಾಹಿತಿ ಕಳಿಸುವ ಮಳೆಮಾಪಕಗಳು ಬಂದವು. ಅಂಥವು ಈಗ ಆರು ಸಾವಿರಕ್ಕೂ ಹೆಚ್ಚು. ಭಾರತೀಯ ಕೃಷಿ ವಿಮಾ ಕಂಪನಿ 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗಕ್ಕೆ ಕರ್ನಾಟಕವನ್ನೇ ಆರಿಸಿಕೊಂಡಿತು. ಚಕ್ರವರ್ತಿಯವರ ಪುಸ್ತಕ ಬಂದು ಆಗ 87 ವರ್ಷ. ಇವತ್ತು ತರೀಕೆರೆಯ ಅಡಿಕೆ ಬೆಳೆಗಾರನಿಗೆ ಹಣ ಬರುವುದು ಹೆಚ್ಚುಕಡಿಮೆ ಅವರು ಹೇಳಿದ ರೀತಿಯಲ್ಲೇ: ತೋಟಕ್ಕೆ ಯಾರೂ ಬರುವುದಿಲ್ಲ, ಮಳೆಮಾಪಕದ ಅಂಕಿ ಲೆಕ್ಕ ಹೇಳುತ್ತದೆ. ಮಾಪಕ ಕೆಟ್ಟು ನಿಂತಿದ್ದರೆ ಏನು ಎಂಬ ಜಗಳ ಮಲೆನಾಡಿನ ಸೊಸೈಟಿಗಳಲ್ಲಿ ಕೇಳಿಬರುವುದೂ ಅದಕ್ಕೇ.

ಕಡೂರು, ಅಜ್ಜಂಪುರದ ರಾಗಿ ಹೊಲಗಳಿಗೆ ಅನ್ವಯಿಸುವುದು ಬೇರೆ ಪದ್ಧತಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿ, ಆ ವರ್ಷದ ಮುಂಗಾರಿನಿಂದ ಜಾರಿಯಾದ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವುದು ಮುಂಗಾರು ಬೆಳೆಗೆ ವಿಮಾ ಮೊತ್ತದ ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಐದು ರೂಪಾಯಿ. ಉಳಿದದ್ದನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಘಟಕ, ಉಳಿದವಕ್ಕೆ ಹೋಬಳಿ.

ಇದರ ತೀರ್ಪು ಹೊರಬೀಳುವುದು ಹೊಲದಲ್ಲೇ. ಕೊಯ್ಲಿಗೆ ಬಂದ ರಾಗಿ ಹೊಲಗಳಲ್ಲಿ ಯಾದೃಚ್ಛಿಕ ಸಂಖ್ಯೆಯಿಂದ ಕೆಲವನ್ನು ಆರಿಸುತ್ತಾರೆ. ಒಂದು ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು. ಹೊಲದೊಳಗೂ ಜಾಗವನ್ನು ಕಣ್ಣಂದಾಜಿನಲ್ಲಿ ಹಿಡಿಯುವಂತಿಲ್ಲ, ಮೂಲೆಯಿಂದ ಇಷ್ಟು ಹೆಜ್ಜೆ ಉದ್ದ, ಇಷ್ಟು ಹೆಜ್ಜೆ ಅಗಲ ಎಂದು ಸಂಖ್ಯೆಯೇ ಹೇಳಬೇಕು. ಅಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಚೌಕ ಮಾಡುತ್ತಾರೆ. ಒಳಗಿನ ತೆನೆಯನ್ನೆಲ್ಲ ಕೊಯ್ದು, ಬಡಿದು, ತೂರಿ, ತೂಕ ಹಾಕಿ, ಮೊಬೈಲಿನಲ್ಲಿ ಫೋಟೊ ಸಮೇತ ದಾಖಲಿಸುತ್ತಾರೆ. ಹೀಗೆ ಸಿಕ್ಕ ತೂಕಗಳ ಸರಾಸರಿ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ಹಿಡಿದು ನಿಗದಿ ಮಾಡಿದ ಪ್ರಮಾಣಕ್ಕಿಂತ ಇದು ಎಷ್ಟು ಕಡಿಮೆಯೋ ಅಷ್ಟು ಪಾಲು ಪರಿಹಾರ. ಉದಾಹರಣೆಗೆ ಹೆಕ್ಟೇರಿಗೆ ಹತ್ತು ಕ್ವಿಂಟಲ್ ಬರಬೇಕಿದ್ದಲ್ಲಿ ಆರು ಬಂದಿದ್ದರೆ ವಿಮಾ ಮೊತ್ತದ ನೂರಕ್ಕೆ 40 ಭಾಗ. ಮೊತ್ತ 40,000 ರೂಪಾಯಿ ಎಂದಿಟ್ಟುಕೊಂಡರೆ ಕಟ್ಟಿದ್ದು 800, ಬರುವುದು 16,000.

ಲೆಕ್ಕ ಚೊಕ್ಕವಾಗಿದೆ. ಆದರೆ ಆ ನಾಲ್ಕು ಚೌಕಗಳಲ್ಲಿ ಎರಡು ಕೊಳವೆಬಾವಿ ಇದ್ದವರ ಹೊಲದಲ್ಲಿ ಬಿದ್ದರೆ ಪಂಚಾಯಿತಿಯ ಸರಾಸರಿ ಮೇಲೇರುತ್ತದೆ. ಮಳೆಯನ್ನೇ ನಂಬಿದವನ ಹೊಲ ಪೂರ್ತಿ ಒಣಗಿದ್ದರೂ ಅವನಿಗೆ ಏನೂ ಸಿಗದು. ನೀರಾವರಿ ರಾಗಿ, ಮಳೆಯಾಶ್ರಿತ ರಾಗಿ ಎಂದು ಬೇರೆ ಬೇರೆ ಪಟ್ಟಿ ಮಾಡಿರುವುದು ಇದನ್ನು ತಪ್ಪಿಸಲಿಕ್ಕೇ. ಆ ವಿಂಗಡಣೆ ಪಹಣಿಯಲ್ಲಿ, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಸರಿಯಾಗಿ ಇದ್ದರೆ ಮಾತ್ರ ಫಲ. ವಿಮೆ ಕಟ್ಟಿದ್ದು ಈರುಳ್ಳಿಗೆ, ಸಮೀಕ್ಷೆಯಲ್ಲಿ ಬರೆದದ್ದು ಮೆಕ್ಕೆಜೋಳ ಎಂದಾದರೆ ಅರ್ಜಿ ಬದಿಗೆ ಹೋಗುತ್ತದೆ.

ಅಜ್ಜಂಪುರದ ಈರುಳ್ಳಿಯ ಶತ್ರು ಬರ ಒಂದೇ ಅಲ್ಲ. ಕಿತ್ತು ಹೊಲದಲ್ಲೇ ಹರಡಿದ ಗಡ್ಡೆಯ ಮೇಲೆ ಚಿತ್ತೆ, ಸ್ವಾತಿಯ ಮಳೆ ಬಿದ್ದರೆ ಎರೆ ಮಣ್ಣು ನೀರು ಬಿಡುವುದಿಲ್ಲ, ಗಡ್ಡೆ ಕೊಳೆಯುತ್ತದೆ. ಯೋಜನೆಯಲ್ಲಿ ಕೊಯ್ಲಿನ ನಂತರದ 14 ದಿನ ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ ಅಕಾಲಿಕ ಮಳೆಯಿಂದ ರಕ್ಷಣೆ ಇದೆ, ಅದೂ ಒಬ್ಬೊಬ್ಬರ ಹೊಲ ನೋಡಿ. ಷರತ್ತು ಒಂದೇ, 72 ಗಂಟೆಯೊಳಗೆ ತಿಳಿಸಬೇಕು. ಮೂರು ದಿನ ಎಡೆಬಿಡದೆ ಮಳೆ ಹೊಯ್ಯುವಾಗ, ಅಳಿದುಳಿದ ಗಡ್ಡೆಯನ್ನು ಆರಿಸಿ ಒಳಗೆ ಸೇರಿಸಲು ಮನೆಮಂದಿಯೆಲ್ಲ ಹೊಲದಲ್ಲಿರುವಾಗ, ಆ ಗಡುವು ಬಹಳ ಚಿಕ್ಕದು.

ಕಡೂರಿನ ತೆಂಗಿನ ಮಾತೇ ಬೇರೆ. ರಾಗಿ ಹೋದರೆ ಒಂದು ವರ್ಷ ಹೋಯಿತು. ಫಸಲು ಕೊಡುವ ತೆಂಗಿನ ಮರ ಸುಳಿ ಒಣಗಿ ನಿಂತರೆ ಒಂದು ತಲೆಮಾರಿನ ದುಡಿಮೆ ಹೋಯಿತು. ಕಳೆದ ದಶಕದ ಸಾಲು ಬರಗಳಲ್ಲಿ ಕಡೂರು, ಅರಸೀಕೆರೆ, ತಿಪಟೂರು ಪಟ್ಟಿಯಲ್ಲಿ ತೋಟಗಟ್ಟಲೆ ಮರಗಳು ಹಾಗೆ ನಿಂತವು. ತೆಂಗು ಅಭಿವೃದ್ಧಿ ಮಂಡಳಿಯ ಮರ ವಿಮೆ ತೀವ್ರ ಬರದಿಂದ ಪೂರ್ತಿ ಸತ್ತ ಮರಕ್ಕೂ ಅನ್ವಯಿಸುತ್ತದೆ. ಹದಿನಾರು ವರ್ಷ ದಾಟಿದ ಮರಕ್ಕೆ ವರ್ಷದ ಕಂತು 14 ರೂಪಾಯಿ, ರೈತನ ಪಾಲು ಅದರಲ್ಲಿ ಕಾಲು ಭಾಗ, ವಿಮಾ ಮೊತ್ತ 1,750 ರೂಪಾಯಿ. ಕಂತು ಅಗ್ಗ, ನಿಜ. ಆದರೆ ಅಂಥ ಮರವನ್ನು ಮತ್ತೆ ಬೆಳೆಸಿ ಫಸಲಿಗೆ ತರುವ ಖರ್ಚಿನ ಮುಂದೆ ಆ ಮೊತ್ತ ಯಾವ ಮೂಲೆಗೂ ಸಾಲದು.

ವಿಮೆ ಇಲ್ಲದವನಿಗೆ ಉಳಿಯುವುದು ಸರ್ಕಾರದ ಪರಿಹಾರ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಾಜ್ಯ, ರಾಷ್ಟ್ರ ಎರಡು ನಿಧಿಗಳಿವೆ. 2022ರಲ್ಲಿ ನಿಗದಿಯಾದ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರಿನವರೆಗೆ. ಇಲ್ಲಿ ಬರ ಘೋಷಣೆಗೆ ಘಟಕ ತಾಲ್ಲೂಕು. ಅಂದರೆ ನಷ್ಟ ಆಗುವುದು ಹೊಲದಲ್ಲಿ, ವಿಮೆ ಲೆಕ್ಕ ಹಾಕುವುದು ಪಂಚಾಯಿತಿಯಲ್ಲಿ, ಬರ ಸಾರುವುದು ತಾಲ್ಲೂಕಿನಲ್ಲಿ. ಒಬ್ಬನೇ ರೈತನನ್ನು ಮೂರು ಅಳತೆಗೋಲುಗಳು ಮೂರು ಬಗೆಯಾಗಿ ಅಳೆಯುತ್ತವೆ.

2023ರಲ್ಲಿ ಇದರ ಬಿಸಿ ರಾಜ್ಯಕ್ಕೆಲ್ಲ ತಟ್ಟಿತು. ಸೆಪ್ಟೆಂಬರಿನಲ್ಲಿ ಮೊದಲ ಬರ ಪಟ್ಟಿ ಬಂತು. ಕೊನೆಗೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು, ಕಡೂರೂ ಅದರಲ್ಲಿ ಸೇರಿತ್ತು. ಬೆಳೆ ಹಾಳಾದ ಪ್ರದೇಶ 48 ಲಕ್ಷ ಹೆಕ್ಟೇರ್ ದಾಟಿತು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ನೋಡಿ ಹೋಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಳು ಉರುಳಿದವು, ರಾಜ್ಯವೇ ಮೊದಲ ಕಂತಾಗಿ ರೈತನಿಗೆ ಗರಿಷ್ಠ 2,000 ರೂಪಾಯಿ ಹಾಕಿತು. 2024ರ ಮಾರ್ಚಿನಲ್ಲಿ ಕರ್ನಾಟಕ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಮುಂದಿನ ಮುಂಗಾರಿಗೆ ಹೊಲ ಹಸನು ಮಾಡುವ ಕಾಲ ಬಂದಿತ್ತು. ಬಿತ್ತನೆ ಬೀಜ, ಗೊಬ್ಬರಕ್ಕೆ ಹೊಂದಿಸಿಕೊಳ್ಳಬೇಕಾದವನು ಇಷ್ಟು ದಿನ ಕಾಯಲಾರ. ಅವನು ಆಗಲೇ ಬಡ್ಡಿಗೆ ಸಾಲ ತಂದಿರುತ್ತಾನೆ.

ಬರಕ್ಕೆ ವಿಮೆ, ಪರಿಹಾರಗಳಲ್ಲದೆ ನೀರಾವರಿಯ ದಾರಿಯೂ ಇದೆ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಹಿಂದಿನ ಸಲ ಕೋಡಿ ಬಿದ್ದ 89 ವರ್ಷಗಳ ನಂತರ, 2022ರಲ್ಲಿ ಮತ್ತೆ ಕೋಡಿ ಬಿದ್ದಿತು. ಅದಕ್ಕೆ ಮಳೆಯ ಜತೆಗೆ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದು ಹರಿಸಿದ ಭದ್ರಾ ಮೇಲ್ದಂಡೆಯ ನೀರೂ ಒದಗಿತ್ತು. ತರೀಕೆರೆ, ಕಡೂರು ಭಾಗದ ಕೆರೆಗಳಿಗೂ ಈ ಯೋಜನೆಯಲ್ಲಿ ನೀರಿನ ಪಾಲಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿಯ ನೆರವು ಘೋಷಣೆಯಾಯಿತು. ನೀರು ಬಂದ ಕಡೆ ವಿಮೆಯ ಅಗತ್ಯ ತಗ್ಗುತ್ತದೆ. ಆದರೆ ಖುಷ್ಕಿ ಹೊಲಕ್ಕೆಲ್ಲ ಕಾಲುವೆ ಹೋಗದು, ಆದ್ದರಿಂದ ವಿಮೆ ಇರಲೇಬೇಕು.

ಧಾತು ಬರದ ಗಂಜಿಮನೆಯಿಂದ ಇಂದಿನ ಬ್ಯಾಂಕ್ ಖಾತೆಯವರೆಗೆ ಸರ್ಕಾರಗಳು ಬಹಳ ದೂರ ಬಂದಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಇನ್ನೂ ಸರಿಯಾಗಬೇಕಾದ್ದು ಎರಡು. ಪಂಚಾಯಿತಿಯ ಬೆಳೆ ಕಟಾವಿನ ತೂಕಗಳನ್ನು, ಯಾವ ಸರ್ವೆ ನಂಬರಿನಲ್ಲಿ ಚೌಕ ಬಿತ್ತೆಂಬ ವಿವರದೊಂದಿಗೆ, ಆಯಾ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಪರಿಹಾರದ ಹಣ ಮುಂದಿನ ಬಿತ್ತನೆಗೆ ಮೊದಲೇ ಬರಬೇಕು. ವಿಮಾ ಕಂಪನಿ ತಡಮಾಡಿದರೆ ನೂರಕ್ಕೆ 12 ಬಡ್ಡಿ ಕೊಡಬೇಕೆಂಬ ನಿಯಮ ಪುಸ್ತಕದಲ್ಲಿದೆ, ಅದನ್ನು ಕೇಳಿ ವಸೂಲು ಮಾಡಬೇಕು.

ಕಡೂರು, ತರೀಕೆರೆ, ಅಜ್ಜಂಪುರದ ರೈತಬಾಂಧವರು ಈ ಮುಂಗಾರಿನಲ್ಲಿ ಕಂತು ಕಟ್ಟಿದ ಮೇಲೆ ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ನೋಡಿಕೊಳ್ಳಲಿ. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸುವ ಅವಧಿಯೊಳಗೇ ಬರೆದುಕೊಡಲಿ. ಊರಿನಲ್ಲಿ ಕಟಾವು ಪ್ರಯೋಗ ನಡೆಯುವ ದಿನ ಆ ಹೊಲಕ್ಕೆ ಹೋಗಿ ನಿಂತು ತೂಕ ನೋಡಲಿ.